ಲಿಕ್ಕರ್ ಅಡ್ವೊಕೇಟ್

ನನಗೆ ಇಂಗ್ಲಿಷ್ ಬರುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ. ಬರುವುದಿಲ್ಲ ಎಂದೂ ಹೇಳಿಲ್ಲ, ಅಲ್ಲಿಯೇ ತಪ್ಪಾಗಿದ್ದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಅವೆನ್ಯೂ ರಸ್ತೆಯ ಮದುವೆ ಕಾರ್ಡಿನ ಅಂಗಡಿಯಲ್ಲಿ ಇಪ್ಪತ್ತು ವರ್ಷ ಪ್ರೂಫ್ ಹಿಡಿದು ನಿಂತರೆ ಮನೆಯವರು ತಾವಾಗಿಯೇ ಅವನನ್ನು ವಿದ್ವಾಂಸ ಮಾಡಿಬಿಡುತ್ತಾರೆ. ನಿಜ ಹೇಳಬೇಕೆಂದರೆ ನನ್ನ ಇಂಗ್ಲಿಷ್ ಒಂದು ಲಗ್ನಪತ್ರಿಕೆಯಷ್ಟು ಅಗಲ. ಬ್ರೈಡ್, ಗ್ರೂಮ್, ಡಿನ್ನರ್, ರಿಟೈರ್ಡ್, ಡಾಕ್ಟರ್, ಅಡ್ವೊಕೇಟ್. ಇದರಾಚೆಗೆ ರಸ್ತೆಯಲ್ಲಿ ಕಾಣುವ ಅಂಗಡಿ ಬೋರ್ಡುಗಳು. ಇಷ್ಟನ್ನೇ ಇಟ್ಟುಕೊಂಡು ಸಂಸಾರ ತೂಗಿಸಿದ್ದೆ, ತಂಗಿ ಶೈಲಾಳ ಐದನೇ ತಿಂಗಳ ಸ್ಕ್ಯಾನ್ ಬರುವವರೆಗೆ.

ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು ಅದು. ಮಗುವಿನ ಕೈಕಾಲು, ಬೆನ್ನುಮೂಳೆ, ಹೃದಯ ಎಲ್ಲವೂ ಸರಿಯಾಗಿ ಕೂಡಿಕೊಂಡಿವೆಯೇ ಎಂದು ಈ ಸ್ಕ್ಯಾನಿನಲ್ಲೇ ನೋಡುತ್ತಾರಂತೆ. ಶೈಲಾ ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ನಾನೂ ಹೆದರಿದ್ದೆ, ಆದರೆ ನನ್ನ ಹೆದರಿಕೆಗೆ ಬೇರೆಯೇ ಕಾರಣವಿತ್ತು. ಹದಿನೈದು ದಿನದ ಹಿಂದೆ ಅವಳಿಗೆ ಕೇಕಿನ ಬಯಕೆಯಾಗಿ, ನಾನು ಚಾಮರಾಜಪೇಟೆಯ ಬೇಕರಿಯೊಂದರಿಂದ ಒಣಹಣ್ಣು ತುಂಬಿದ ಕಪ್ಪು ಕೇಕು ತಂದುಕೊಟ್ಟಿದ್ದೆ. ಮೇಲೆ ಇಂಗ್ಲಿಷಿನಲ್ಲಿ ಆರ್, ಯು, ಎಮ್ ಎಂದಿತ್ತು. ರಾಮ್ ಎನ್ನುವುದು ಬೇಕರಿಯವನ ಹೆಸರಿರಬೇಕು ಎಂದುಕೊಂಡೆ. ನಮ್ಮ ಕಾರ್ಡಿನ ಅಂಗಡಿಗೆ ಹೋಗಿ ಆ ಕೇಕನ್ನು ಹೊಗಳಿದಾಗ ಜೊತೆಗೆ ಕೆಲಸ ಮಾಡುವವನು, "ಗುರು, ಅದು ರಾಮ್ ಅಲ್ಲ, ರಮ್ಮು," ಎಂದ. ಲಿಂಗ ಕಟ್ಟಿಕೊಂಡ ಮನೆ ನಮ್ಮದು. ಮೂರು ತಲೆಮಾರಿನಲ್ಲಿ ಯಾರೂ ಮೂಸಿ ನೋಡದ್ದನ್ನು ಹುಟ್ಟದ ಮಗುವಿಗೆ ನಾನು ಕುಡಿಸಿಬಿಟ್ಟಿದ್ದೆ. ಯಾರಿಗೂ ಹೇಳಲಿಲ್ಲ. ಅಂದಿನಿಂದ ಪೂಜೆಯ ಹೊತ್ತಿನಲ್ಲಿ ಕಣ್ಣು ಮುಚ್ಚಿದರೆ ತೂರಾಡುತ್ತಿರುವ ಮಗು ಕಾಣಿಸುತ್ತಿತ್ತು.

ಭಾವನಿಗೆ ರಜೆ ಸಿಗದ್ದರಿಂದ ಬಸವನಗುಡಿಯ ಸ್ಕ್ಯಾನಿಂಗ್ ಸೆಂಟರಿಗೆ ನಾನು, ಶೈಲಾ, ಅವಳ ಅತ್ತೆ ಹೋದೆವು. ಅತ್ತೆಯವರು ಹಣೆ ತುಂಬ ವಿಭೂತಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಎದುರಿನ ಗೋಡೆಯ ಮೇಲೆ, ಗಂಡೋ ಹೆಣ್ಣೋ ಎಂದು ಕೇಳುವುದು ಅಪರಾಧ, ಕೇಳಿದರೆ ಜೈಲು ಎಂದು ಕನ್ನಡದಲ್ಲೇ ದೊಡ್ಡದಾಗಿ ಬರೆದಿತ್ತು. ಕೇಳಿದ್ದಕ್ಕೇ ಜೈಲಾದರೆ ಕುಡಿಸಿದ್ದಕ್ಕೆ ಏನಿರಬಹುದು ಎಂದು ಲೆಕ್ಕ ಹಾಕತೊಡಗಿದೆ.

ಸ್ಕ್ಯಾನ್ ಮುಗಿದು ಅರ್ಧ ಗಂಟೆಗೆ ಕೌಂಟರಿನಿಂದ ಕವರು ಬಂತು. ಶೈಲಾ ಅದನ್ನು ಬಿಚ್ಚದೆ ನನ್ನ ಕೈಗೆ ಕೊಟ್ಟಳು.

"ನೀನೇ ಓದಣ್ಣ. ನಂಗೆ ಧೈರ್ಯ ಇಲ್ಲ."

ನಾನು ಕನ್ನಡಕ ಏರಿಸಿದೆ. ಪುಟದ ತುಂಬ ಗೊತ್ತಿಲ್ಲದ ಪದಗಳು. ಮಧ್ಯದಲ್ಲಿ ಒಂದು ಮಾತ್ರ, ವೈನ್ ಸ್ಟೋರಿನ ಬೋರ್ಡಿನಲ್ಲಿ ದಿನಾ ನೋಡುವಂಥದ್ದು, ನೇರ ಎದೆಗೇ ಬಂದು ಬಡಿಯಿತು. ಲಿಕ್ಕರ್. ಅದರ ಮುಂದೆ ಎ, ಡಿ ಎಂದು ಶುರುವಾಗಿ ಟಿ, ಇ ಎಂದು ಮುಗಿಯುವ ಉದ್ದನೆಯ ಪದ. ಸಾವಿರಾರು ಬೀಗರ ಹೆಸರಿನ ಮುಂದೆ ಅಚ್ಚು ಹಾಕಿಸಿದ ಪದ ನನಗೆ ತಿಳಿಯದೆ? ಅಡ್ವೊಕೇಟ್. ಮಗುವಿನ ಹೊಟ್ಟೆಯಲ್ಲಿ ಮದ್ಯ ಸಿಕ್ಕಿದೆ, ವಕೀಲರನ್ನು ನೋಡಿಕೊಳ್ಳಿ ಎಂದು ಬರೆದಿದ್ದಾರೆ.

ಕಾಗದ ಮಡಿಸಿಬಿಟ್ಟೆ. ಶೈಲಾಳ ಮುಖ ಸುಣ್ಣವಾಯಿತು.

"ಏನಾಗಿದೆ? ಹಾರ್ಟಾ?"

"ಹಾರ್ಟಲ್ಲ."

"ಮತ್ತೇನು ಹೇಳು, ಮಗುಗೆ ಏನಾಗಿದೆ?" ಅವಳ ಕಣ್ಣು ತುಂಬಿಕೊಂಡಿತ್ತು. ನನ್ನ ಮಾನಕ್ಕಿಂತ ಅದು ದೊಡ್ಡದಾಗಿ ಕಂಡಿತು.

"ಮಗುದೇನೂ ತಪ್ಪಿಲ್ಲ ಕಣೆ. ನಾನೇ ಕುಡಿಸಿದ್ದು. ಆವತ್ತು ತಂದಿದ್ದು ರಮ್ ಕೇಕು. ಇಲ್ಲಿ ಗೊತ್ತಾಗ್ಬಿಟ್ಟಿದೆ, ಲಿಕ್ಕರ್ ಅಂತ ಬರ್ದಿದಾರೆ. ಕೇಸ್ ಆದ್ರೆ ಜೈಲಿಗೆ ನಾನೇ ಹೋಗ್ತೀನಿ."

ಕಾಯುತ್ತಿದ್ದ ಏಳೆಂಟು ಬಸುರಿಯರೂ ಅವರ ಗಂಡಂದಿರೂ ಫೋನಿನಿಂದ ತಲೆ ಎತ್ತಿದರು. ಶೈಲಾ ಕಾಗದ ಕಿತ್ತುಕೊಂಡು ಓದಿ, ಸೀದಾ ಡಾಕ್ಟರ ಕೋಣೆಗೆ ನುಗ್ಗಿದಳು. ಹಿಂದೆಯೇ ನಾವಿಬ್ಬರು.

ಡಾಕ್ಟರಮ್ಮ ಎಲ್ಲ ಕೇಳಿ ಪೆನ್ನು ಕೆಳಗಿಟ್ಟರು. "ಲಿಕ್ಕರ್ ಅಂದ್ರೆ ಮಗು ಸುತ್ತ ಇರೋ ನೀರು ಸಾರ್. ಮುಂದೆ ಇರೋದು ಅಡಿಕ್ವೇಟ್, ಸಾಕಷ್ಟಿದೆ ಅಂತ. ಮಗು ಚೆನ್ನಾಗಿದೆ. ಕೇಕ್ ತಿಂದಿದ್ದಕ್ಕೆ ಹೆದರ್ಬೇಡಿ, ಇನ್ಮೇಲೆ ಮಾತ್ರ ಬೇಡ."

ಶೈಲಾ ಅಳುತ್ತಲೇ ನಗತೊಡಗಿದಳು. ನಾನು ಅತ್ತೆಯವರ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಆವತ್ತು ಅವರೂ ಎರಡು ತುಂಡು ತಿಂದು, ಮೂರನೆಯದನ್ನು ಸೆರಗಿನ ಮರೆಯಲ್ಲಿ ಒಳಗೆ ಒಯ್ದಿದ್ದರು. ಈಗ ವಿಭೂತಿಯ ಹಣೆ ಒರೆಸಿಕೊಂಡು, "ಅದಕ್ಕೇ ಆವತ್ ಮಧ್ಯಾಹ್ನ ಅಷ್ಟ್ ಚೆನ್ನಾಗ್ ನಿದ್ದೆ ಬಂತು," ಎಂದರು.

ಆಟೋದಲ್ಲಿ ಶೈಲಾ ನನ್ನ ಕೈ ಹಿಡಿದುಕೊಂಡಳು. "ನಿಂಗೆ ಇಂಗ್ಲಿಷ್ ಬರಲ್ಲ ಅಂತ ನಂಗೆ ಚಿಕ್ಕೋಳಿದ್ದಾಗಿಂದ ಗೊತ್ತಣ್ಣ. ಕೆಟ್ಟ ಸುದ್ದಿ ಇದ್ರೆ ನೀನು ಓದಿದ್ರೂ ಗೊತ್ತಾಗಲ್ಲ ಅಂತಾನೇ ನಿನ್ ಕೈಗೆ ಕೊಟ್ಟಿದ್ದು. ನಾಮಕರಣದ ಕಾರ್ಡು ನೀನೇ ಮಾಡ್ಸು, ಪ್ರೂಫ್ ಮಾತ್ರ ನಾನ್ ನೋಡ್ತೀನಿ. ಇಲ್ದಿದ್ರೆ ಮಗು ಹೆಸರ ಮುಂದೆ ಅಡ್ವೊಕೇಟ್ ಅಂತ ಬಿದ್ದಿರತ್ತೆ."

ಈಗಲೂ ದಿನಾ ಅಂಗಡಿಗೆ ಹೋಗುವಾಗ ಕಾಟನ್‌ಪೇಟೆಯ ವೈನ್ ಸ್ಟೋರ್ ದಾಟಬೇಕು. ಬೋರ್ಡಿನ ಮೇಲೆ ಆ ಪದ ಕಂಡೊಡನೆ ಬೆಚ್ಚಗಿನ ನೀರಿನಲ್ಲಿ ಈಜುತ್ತಿರುವ ಮಗು ನೆನಪಾಗಿ, ಗೊತ್ತಿಲ್ಲದೆ ಕೈ ಎದೆಗೆ ಹೋಗುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಮೊನ್ನೆ ಇದನ್ನು ನಮ್ಮ ಮಾಲೀಕರು ನೋಡಿದರು. ಅಂದಿನಿಂದ ಪ್ರೂಫ್ ಕೊಡುವಾಗ ಸ್ವಲ್ಪ ಹತ್ತಿರ ಬಂದು, ನನ್ನ ಬಾಯಿ ಮೂಸಿ ನೋಡಿಯೇ ಕೊಡುತ್ತಾರೆ.