ಕಿರುಬೆರಳು ಎತ್ತಿದ ಮೇಷ್ಟ್ರು

ನನಗೆ ಕೈಕೊಟ್ಟವರು ಬಹಳ ಮಂದಿ. ಆದರೆ ತೊಂಬತ್ತರ ದಶಕದಲ್ಲಿ ನನ್ನ ಬಲಗೈಯೇ ನನಗೆ ಕೈಕೊಟ್ಟಿತು ನೋಡಿ, ಆಗ ಆದಷ್ಟು ಫಜೀತಿ ಇನ್ಯಾವಾಗಲೂ ಆಗಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಈಗ ನೆನೆದರೆ ಆ ದಿನಗಳು ಮತ್ತೆ ಬರಬಾರದೇ ಅನ್ನಿಸುತ್ತದೆ.

ಯಾರ ಬೆರಳು?

ನಾನಾಗ ಬಾಳೂರು ಕಡೆಯ ಎಸ್ಟೇಟ್ ಪಕ್ಕದ ಸಣ್ಣ ಶಾಲೆಗೆ ಒಬ್ಬನೇ ಮೇಷ್ಟ್ರು. ಮೂಡಿಗೆರೆಯಿಂದ ದಿನಾ ಜೀಪು. ಒಳಗೆ ಹದಿನೆಂಟು ಜನ. ನನ್ನದು ಹಿಂದಿನ ತುದಿ. ಬಲಗೈ ಮಡಚಿ ಮೊಣಕೈಯನ್ನು ಕಬ್ಬಿಣದ ಪಟ್ಟಿಯ ಮೇಲೆ ಊರಿದರೆ ಶಾಲೆ ಬರುವವರೆಗೂ ತೆಗೆಯುವ ಹಾಗಿಲ್ಲ. ಬರಬರುತ್ತಾ ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯತೊಡಗಿದವು.

ಒಂದು ದಿನ ಆ ಇಕ್ಕಟ್ಟಿನಲ್ಲೇ ಎಡಗೈಯಿಂದ ತಡಕಾಡಿ, ಕಿರುಬೆರಳನ್ನು ಹಿಡಿದು ಚೆನ್ನಾಗಿ ತಿಕ್ಕಿದೆ. ಎಷ್ಟು ತಿಕ್ಕಿದರೂ ಜೀವವೇ ಬರಲಿಲ್ಲ. ಜಾವಳಿ ದಾಟಿದ ಮೇಲೆ, ಅದೇ ಪಟ್ಟಿ ಹಿಡಿದು ಪಕ್ಕದಲ್ಲಿ ಕೂತಿದ್ದ ಎಸ್ಟೇಟ್ ಮೇಸ್ತ್ರಿ ಸಂಕೋಚದಿಂದ ಹೇಳಿದ: "ಸಾಕು ಬಿಡಿ ಮಾರಾಯ್ರೇ, ನನ್ನ ಬೆರಳಿಗೆ ಏನೂ ಆಗಿಲ್ಲ."

ಫ್ಯೂಸು

ಚಿಕ್ಕಮಗಳೂರಿನ ಡಾಕ್ಟರು ನನ್ನ ಬೆರಳುಗಳ ನಡುವೆ ಕಾಗದದ ಚೂರು ಇಟ್ಟು, "ಬಿಗಿಯಾಗಿ ಹಿಡ್ಕೊಳ್ಳಿ" ಎಂದು ಎಳೆದರು. ಸಲೀಸಾಗಿ ಬಂತು. ಆಮೇಲೆ ಮೊಣಕೈಯ ಒಳಬದಿ ತಟ್ಟಿದರು. ಕಿರುಬೆರಳಿನ ತುದಿವರೆಗೂ ಕರೆಂಟು ಹೊಡೆಯಿತು.

"ಬೆರಳು ಸರಿಯಿಲ್ಲ ಅಂದ್ರೆ ಮೊಣಕೈ ಬಡೀತೀರಲ್ಲ ಡಾಕ್ಟ್ರೇ?"

"ಮೂಡಿಗೆರೇಲಿ ಫ್ಯೂಸ್ ಹೋದ್ರೆ ಬಾಳೂರಲ್ಲಿ ಲೈಟ್ ಉರಿಯುತ್ತಾ ಮೇಷ್ಟ್ರೇ? ನರ ಮೊಣಕೈ ಹತ್ರ ಅಮುಕಿಹೋಗಿದೆ. ಕೈ ಊರಬೇಡಿ, ಮಡಚಬೇಡಿ. ಅಸಡ್ಡೆ ಮಾಡಿದ್ರೆ ಬರೆಯೋ ಶಕ್ತಿನೇ ಹೋಗುತ್ತೆ."

ನಿಜಕ್ಕೂ ಹೆದರಿದೆ. ನನ್ನಲ್ಲಿ ಹೇಳಿಕೊಳ್ಳುವಂಥದ್ದು ಅಂತ ಇದ್ದದ್ದು ದುಂಡಗಿನ ಅಕ್ಷರ ಒಂದೇ. ಬೋರ್ಡಿನ ಮೇಲೆ ಬರೆಯಲಾರದ ಮೇಷ್ಟ್ರನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೊರಗೆ ಯಾರಿಗೂ ಬಾಯಿಬಿಡಲಿಲ್ಲ. ಮನೆಯಲ್ಲಿ ಹೆಂಡತಿ, ಕೈ ಮಡಚದಂತೆ ಮೊಣಕೈಗೆ ಅಡಿಕೆ ಹಾಳೆ ಸುತ್ತಿ ಕಟ್ಟಿದಳು. ಕೈ ನೆಟ್ಟಗೆ ನಿಂತಿತು, ತುತ್ತು ಮಾತ್ರ ಬಾಯಿಗೆ ಬರಲಿಲ್ಲ.

"ಪರವಾಗಿಲ್ಲ, ಎದುರು ಕೂತವರಿಗೆ ತಿನ್ನಿಸಿ," ಅಂದಳು.

ಒಂದಕ್ಕೆ

ಒಂದಕ್ಕೆ ಹೋಗಬೇಕಾದರೆ ಮಕ್ಕಳು ಕಿರುಬೆರಳು ಎತ್ತಬೇಕು, ಎಲ್ಲ ಶಾಲೆಯಲ್ಲೂ ಅಷ್ಟೇ. ನಮ್ಮಲ್ಲಿ ಹೋಗುವುದು ಕಾಫಿ ಗಿಡದ ಹಿಂದೆ. ಶೌಚಾಲಯ ಕೊಡಿ ಎಂದು ಆ ದುಂಡಗಿನ ಅಕ್ಷರದಲ್ಲೇ ವರ್ಷ ವರ್ಷ ಅರ್ಜಿ ಬರೆದು ಸೋತಿದ್ದೆ.

ಒಂದು ದಿನ ಇನ್‌ಸ್ಪೆಕ್ಟರು ಬಂದರು. "ಬೋರ್ಡಿನ ಮೇಲೆ ಒಂದು ವಾಕ್ಯ ಬರೀರಿ ಮೇಷ್ಟ್ರೇ."

ನರ ಸೋತ ಮೇಲೆ ನನ್ನ ಕಿರುಬೆರಳು ಪಕ್ಕದ ಬೆರಳಿಗೆ ಸೇರದೆ ತಾನೇ ದೂರ ಸರಿದು ನಿಲ್ಲುತ್ತಿತ್ತು. ಸೀಮೆಸುಣ್ಣ ಹಿಡಿದ ಕೂಡಲೇ ನಿಂತೇಬಿಟ್ಟಿತು. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಕೂಗಿದಳು: "ಸಾರ್, ನಮ್ಮ ಮೇಷ್ಟ್ರಿಗೆ ಒಂದಕ್ಕೆ ಬಂದಿದೆ!"

"ಹೋಗಿ ಬನ್ನಿ, ಹೋಗಿ ಬನ್ನಿ," ಅಂದರು ಇನ್‌ಸ್ಪೆಕ್ಟರು.

ಕೈಯ ಗುಟ್ಟು ಹೇಳುವುದಕ್ಕಿಂತ ಇದೇ ವಾಸಿ ಎಂದು ಹೋಗಿ, ಸ್ವಲ್ಪ ಹೊತ್ತು ಕಾಫಿ ಗಿಡ ನೋಡುತ್ತಾ ನಿಂತು ಬಂದೆ. ಮತ್ತೆ ಸೀಮೆಸುಣ್ಣ ಹಿಡಿದೆ, ಮತ್ತೆ ಬೆರಳು ಎದ್ದಿತು. ಮೂರನೇ ಸಲಕ್ಕೆ ಅವರೇ ನನ್ನ ಜೊತೆ ಗಿಡದ ಹಿಂದೆ ಬಂದು, ಹೆಗಲ ಮೇಲೆ ಕೈಯಿಟ್ಟು ಪಿಸುಗುಟ್ಟಿದರು: "ನನಗೂ ಶುಗರ್ ಇದೆ ಮೇಷ್ಟ್ರೇ. ಕಷ್ಟ ಗೊತ್ತು."

ಬೋರ್ಡಿನ ವಾಕ್ಯ ಅಲ್ಲಿಗೇ ನಿಂತಿತು. ಆ ಪುಣ್ಯಾತ್ಮರನ್ನು ಇವತ್ತಿಗೂ ನೆನೆಯುತ್ತೇನೆ.

ಮಳೆಗಾಲ ಕಳೆಯುವಷ್ಟರಲ್ಲಿ ಬೆರಳಿಗೆ ಜೀವ ಬಂತು, ನನ್ನ ಅಕ್ಷರವೂ ವಾಪಸು ಬಂತು. ಅದಕ್ಕೂ ಮೊದಲೇ ಬಂದದ್ದು ಶೌಚಾಲಯದ ಮಂಜೂರಾತಿ ಪತ್ರ. ಅದರಲ್ಲಿ ಹೀಗಿತ್ತು: "ಶಿಕ್ಷಕರ ತುರ್ತು ಅಗತ್ಯವನ್ನು ಕಣ್ಣಾರೆ ಕಂಡು ಮಂಜೂರು ಮಾಡಲಾಗಿದೆ."