ಹತ್ತರ ನೋಟಿನ ಹಿಂಬದಿ

ಮದುವೆಯಾಗಿ ಬಹಳ ವರ್ಷವಾದ ಗಂಡಸಿಗೆ ಮನೆಯಲ್ಲಿ ಎಲ್ಲ ವಿಷಯದಲ್ಲೂ ತನ್ನ ಮಾತು ನಡೆಯಬೇಕೆಂಬ ಆಸೆ ಇರುವುದಿಲ್ಲ. ಯಾವುದಾದರೂ ಒಂದು ವಿಷಯದಲ್ಲಿ ನಡೆದರೆ ಸಾಕು ಎನ್ನುವ ಹದಕ್ಕೆ ಅವನು ಬಂದಿರುತ್ತಾನೆ. ಬದನೆಕಾಯಿ ಎಳೆಯದೋ ಬಲಿತದ್ದೋ, ಪರದೆಗೆ ಯಾವ ಬಣ್ಣ, ಬೀಗರ ಮನೆಯಿಂದ ಎಷ್ಟು ಹೊತ್ತಿಗೆ ಏಳಬೇಕು, ನನಗೆ ನೆಗಡಿ ಆಗಿದೆಯೋ ಇಲ್ಲವೋ, ಇವೆಲ್ಲದರಲ್ಲೂ ನನ್ನ ಹೆಂಡತಿ ಶಾಂತಾಳ ಮಾತೇ ಕೊನೆಯದು. ನನ್ನ ಪಾಲಿಗೆ ಉಳಿದದ್ದು ನೋಟು. ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿಯೇ ಸೇರಿ, ಕ್ಯಾಶಿಯರ್ ಆಗಿಯೇ ನಿವೃತ್ತನಾದವನು ನಾನು. ದುರ್ಗದಬೈಲಿನ ಪೇಟೆಯ ಅಂಗಡಿಯವರು ಚಿಲ್ಲರೆಯೊಳಗೆ ಹರಕು ನೋಟು ಸೇರಿಸಿ ಕೊಟ್ಟರೆ ಅವಳು ಅದನ್ನು ತಂದು ನನ್ನ ಮುಂದೆ ಹಿಡಿಯುತ್ತಿದ್ದಳು. ನಾನು ಬೆಳಕಿಗೆ ಎತ್ತಿ ನೋಡಿ, ಬೆರಳಿನಿಂದ ಒಮ್ಮೆ ಫಟ್ ಎನ್ನಿಸಿ, ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದೆ. ಈ ಸುಮ್ಮನಿರುವುದು ಬಹಳ ಮುಖ್ಯ. ಆಮೇಲೆ “ನಡೀತೈತಿ” ಎನ್ನುತ್ತಿದ್ದೆ. ಅದಕ್ಕೆ ಮರುಮಾತಿಲ್ಲ. ಇಡೀ ದಿನದಲ್ಲಿ ಮರುಮಾತಿಲ್ಲದೆ ದಾಟುವ ನನ್ನ ಮಾತು ಅದೊಂದೇ ಆಗಿದ್ದರಿಂದ, ಹರಕು ನೋಟು ಬಂದ ದಿನ ನನಗೆ ಹಬ್ಬ.

ಈ ಸಣ್ಣ ಸಂಸ್ಥಾನಕ್ಕೆ ಕುತ್ತು ಬಂದದ್ದು ಗಂಗಕ್ಕನಿಂದ. ಗಂಗಕ್ಕ ಎಂದರೆ ಉಣಕಲ್ಲಿನ ನಮ್ಮ ಬಡಾವಣೆಯ ಮಹಿಳಾ ಮಂಡಳದ ಅಧ್ಯಕ್ಷೆ. ಅತ್ತೆಯ ಹಳೆಯ ಟ್ರಂಕು ಒರೆಸುವಾಗ ಅವರಿಗೆ ಒಂದು ತೂತಿನ ಪೈಸೆ ಸಿಕ್ಕಿತಂತೆ. ಆ ತೂತಿನಲ್ಲಿ ಅವರಿಗೆ ರೂಪಾಯಿಯ ಇಡೀ ಇತಿಹಾಸ ಕಾಣಿಸಿತು. ಅವತ್ತಿನಿಂದ ಮಂಡಳದ ಮೊಬೈಲ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಏಳಕ್ಕೆ ರೂಪಾಯಿಯ ಬಗ್ಗೆ ಒಂದು ಪ್ರಶ್ನೆ. ಮೊದಲು ಸರಿ ಉತ್ತರ ಕೊಟ್ಟವರಿಗೆ ಒಂದು ಅಂಕ, ತಿಂಗಳ ಕೊನೆಗೆ ಮುಂದಿದ್ದವರಿಗೆ ಸನ್ಮಾನ. ಶಾಂತಾ ಮೊದಲ ದಿನವೇ “ನಮ್ಮ ಮನ್ಯಾಗ ಬ್ಯಾಂಕ್ ಐತ್ರಿ” ಎಂದು ಬರೆದುಬಿಟ್ಟಳು. ಬ್ಯಾಂಕು ಆಗ ಸ್ನಾನ ಮಾಡುತ್ತಿತ್ತು.

“ಏನ್ರಿ, ಒಂದ್ ರೂಪಾಯಿಗೆ ಎಷ್ಟ್ ಆಣೆ ಇದ್ವು?” ಎಂದು ಬಾಗಿಲು ಬಡಿದಳು. ಒಳಗಿನಿಂದಲೇ “ಹದಿನಾರು” ಎಂದೆ. ಮರುದಿನ, ಹೊಸ ಪೈಸೆ ಬರುವ ಮುಂಚೆ ರೂಪಾಯಿಗೆ ಎಷ್ಟು ಪೈಸೆ ಎಂದು ಬಂತು. “ಅರವತ್ನಾಕು” ಎಂದೆ. ಅವಳು ಎರಡೂ ದಿನ ಎಲ್ಲರಿಗಿಂತ ಮುಂದೆ. ಅವಲಕ್ಕಿಯಲ್ಲಿ ಶೇಂಗಾ ಹೆಚ್ಚಾದವು. ಫೋನಿನಲ್ಲಿ ತನ್ನ ತಂಗಿಗೆ “ನಮ್ಮವ್ರಿಗೆ ಎಲ್ಲಾ ಗೊತ್ತೈತಿ, ಬಾಯಿ ಬಿಡಂಗಿಲ್ಲ ಅಷ್ಟ” ಎಂದು ಹೇಳುವುದು ಕೇಳಿಸಿತು. ನಾನು ಬಾಯಿ ಬಿಡದಿರುವುದಕ್ಕೆ ಇಷ್ಟು ಗೌರವದ ಕಾರಣವನ್ನು ಯಾರೂ ಕೊಟ್ಟಿರಲಿಲ್ಲ. ಅಂದು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ನಿಂತೆ.

ಮೂರನೆಯ ಪ್ರಶ್ನೆ ನನ್ನನ್ನು ಮಲಗಿಸಿತು. ಈಗಿನ ಹತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಯಾವ ಚಿತ್ರವಿದೆ? ಓದುಗರು ನಗಬಾರದು, ಇದು ನಮ್ಮ ಕಸುಬಿನ ರಹಸ್ಯ. ಕ್ಯಾಶಿಯರ್ ನೋಟನ್ನು ನೋಡುವುದಿಲ್ಲ. ಬಂದ ನೋಟುಗಳನ್ನೆಲ್ಲ ಮೊದಲು ಮುಖ ಮೇಲೆ ಬರುವಂತೆ ತಿರುಗಿಸುತ್ತಾನೆ, ಆಮೇಲೆ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಎಬ್ಬಿಸುತ್ತಾ ಹೋಗುತ್ತಾನೆ. ನನ್ನ ಕಣ್ಣಿಗೆ ಬಿದ್ದದ್ದು ಜೀವಮಾನವಿಡೀ ಮೂಲೆಗಳು. ತಲೆಕೆಳಗಾದ ನೋಟು ಕಂಡರೆ ನಮಗೆ ಸಿಟ್ಟು ಬರುತ್ತದೆಯೇ ಹೊರತು ಅದರ ಬೆನ್ನಿನ ಚಿತ್ರ ಸವಿಯುವ ಮನಸ್ಸು ಬರುವುದಿಲ್ಲ. ಆದರೆ ಇದನ್ನೆಲ್ಲ ಹೇಳುವುದು ಯಾರಿಗೆ? ಶಾಂತಾ ಬೆರಳನ್ನು ಮೊಬೈಲಿನ ಮೇಲೆ ಎತ್ತಿ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ತಡಿ, ನೋಟು ನೋಡಿ ಹೇಳ್ತೇನಿ” ಎಂದೆ. ನೋಡೋಣವೆಂದರೆ ಮನೆಯಲ್ಲಿ ಹತ್ತರ ನೋಟೇ ಇಲ್ಲ. ಹಾಲಿನವನಿಗೆ ಮೊಬೈಲು, ಹೂವಿನವಳಿಗೆ ಮೊಬೈಲು, ಇಸ್ತ್ರಿಯವನಿಗೂ ಮೊಬೈಲು. ಕ್ಯಾಶಿಯರನ ಮನೆಯಲ್ಲಿ ಕ್ಯಾಶ್ ಇಲ್ಲ! ಪಾಯಜಾಮದಲ್ಲೇ ಚಪ್ಪಲಿ ಮೆಟ್ಟಿ ಮೂಲೆಯ ಚಹಾ ಅಂಗಡಿಗೆ ಓಡಿದೆ.

“ಬಸಣ್ಣ, ಲಗೂ ಒಂದ್ ಹತ್ತರ ನೋಟು ತೋರಸೋ.”

“ಚಿಲ್ಲರ ಬೇಕಾಗಿತ್ತೇನ್ರಿ ಸಾಹೇಬ್ರ?”

“ಬ್ಯಾಡೋ. ಬರೇ ನೋಡಿ ವಾಪಸ್ ಕೊಡ್ತೇನಿ.”

ಬಸಣ್ಣ ಚಹಾ ಸೋಸುವುದನ್ನು ನಿಲ್ಲಿಸಿ ನನ್ನನ್ನು ಮರುಕದಿಂದ ನೋಡಿದ. “ರಿಟೈರ್ ಆದಮ್ಯಾಲ ಹಿಂಗ ಆಗ್ತೈತ್ರಿ. ನಮ್ಮ ಮಾವ ಬಸ್ ಕಂಡಕ್ಟರ್ ಇದ್ರು. ಮನಿಗೆ ಬಂದ ಬೀಗರಿಗೆಲ್ಲಾ ‘ಒಳಗ ಸರೀರಿ, ಒಳಗ ಸರೀರಿ’ ಅಂತ ಅಡಗಿಮನಿ ತನಕಾ ತಳ್ಳತಿದ್ರು. ಕುಂದರ್ರಿ, ಮದ್ಲ ಒಂದ್ ಚಹಾ ಕುಡೀರಿ.”

ಅಂಗಡಿಯಲ್ಲಿದ್ದವರೆಲ್ಲ ಸರಿದು ನನಗೆ ಜಾಗ ಮಾಡಿಕೊಟ್ಟರು. ಗಾಳಿ ಬರಲಿ ಎಂದು ಒಬ್ಬರು ಪೇಪರು ಬೀಸಿದರು. ಬಸಣ್ಣ ಸಕ್ಕರೆ ಡಬ್ಬಿಯ ಕೆಳಗೆ ಕೈ ಹಾಕಿ, ಒಂದು ಹತ್ತರ ನೋಟನ್ನು ಹುಡುಕಿ ನನ್ನ ಅಂಗೈಯಲ್ಲಿಟ್ಟು, ಸಣ್ಣ ಮಗುವಿಗೆ ಹೇಳುವಂತೆ “ನೋಡ್ರಿ, ಎಷ್ಟ್ ಬೇಕಾದ್ರೂ ನೋಡ್ರಿ” ಎಂದ. ಹರಿದು, ಅಂಟುಪಟ್ಟಿ ಹಚ್ಚಿಸಿಕೊಂಡಿದ್ದ ನೋಟು. ಹಿಂದೆ ತಿರುಗಿಸಿದೆ. ಆನೆ, ಘೇಂಡಾಮೃಗ, ಹುಲಿ! ಅಲ್ಲಿಂದಲೇ ಫೋನು ಮಾಡಿ ಗೆದ್ದ ದನಿಯಲ್ಲಿ ಹೇಳಿದೆ. ಚಹಾ ಕುಡಿದು, ಕೆರೆಯ ಕಡೆ ಒಂದು ಸುತ್ತು ಹಾಕಿ ಮನೆಗೆ ಬಂದೆ.

ಮನೆಯಲ್ಲಿ ಒಲೆ ಹತ್ತಿರಲಿಲ್ಲ. ಅದು ಹಳೆಯ ಮಾದರಿಯ ನೋಟಂತೆ. ಈಗಿನದರ ಹಿಂಬದಿಯಲ್ಲಿರುವುದು ಕೋನಾರ್ಕದ ಸೂರ್ಯ ದೇವಾಲಯದ ಗಾಲಿ. ಗುಂಪಿನಲ್ಲಿ ಗಂಗಕ್ಕ, “ಬ್ಯಾಂಕಿನವ್ರ ಮನ್ಯಾಗ ಇನ್ನೂ ಆನಿ ಹುಲಿ ಓಡಾಡತಾವೇನ್ರಿ ಶಾಂತಕ್ಕ?” ಎಂದು ಬರೆದಿದ್ದರು. ಅದರ ಕೆಳಗೆ ಬಡಾವಣೆಯ ಹೆಂಗಸರೆಲ್ಲ ನಗುವ ಮುಖಗಳನ್ನು ಸಾಲಾಗಿ ಅಂಟಿಸಿದ್ದರು. ಶಾಂತಾ ನನ್ನನ್ನು ಬೈಯಲಿಲ್ಲ. “ಅಲ್ರಿ, ಜಲ್ಮಾ ಎಲ್ಲಾ ಅಲ್ಲೆ ಕುಂತು ನೀವು ಏನ್ ನೋಡಿದ್ರಿ?” ಎಂದು ಮಾತ್ರ ಕೇಳಿದಳು. ಮೂಲೆ ನೋಡಿದೆ ಎನ್ನುವ ಬದಲು ನಾನೇ ಹೋಗಿ ಒಲೆ ಹಚ್ಚಿದೆ.

ಮರುದಿನದಿಂದ ಅವಳು ನನ್ನನ್ನು ಕೇಳುವುದನ್ನೇ ಬಿಟ್ಟಳು. ಏಳು ಗಂಟೆಗೆ ಮೊಬೈಲು ಸದ್ದು ಮಾಡುತ್ತಿತ್ತು, ನಾನು ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ, ಅವಳು ತಾನೇ ಎಲ್ಲೋ ಹುಡುಕಿ ಬರೆದು ಮುಗಿಸುತ್ತಿದ್ದಳು. ಮಂಡಳಕ್ಕೆ ಹೋದಾಗ ಗ್ರಂಥಾಲಯದಿಂದ ನಾಣ್ಯಗಳ ಮೇಲಿನ ದಪ್ಪ ಪುಸ್ತಕವೊಂದನ್ನೂ ತಂದಳು. ಕೊನೆಗೊಂದು ದಿನ ಸಂತೆಯಿಂದ ಬಂದ ಹರಕು ನೋಟನ್ನು ತಾನೇ ಬೆಳಕಿಗೆ ಹಿಡಿದು “ನಡೀತೈತಿ” ಎಂದು ಪರ್ಸಿಗೆ ಹಾಕಿಕೊಂಡಳು. ನಡುವಿನ ಆ ಸುಮ್ಮನಿರುವುದನ್ನು ಕೂಡ ನನಗಿಂತ ಚೆನ್ನಾಗಿ ಮಾಡಿದಳು. ನಿಜ ಹೇಳುತ್ತೇನೆ, ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದಾಗ ಬಾರದ ಅಳು ನನಗೆ ಅವತ್ತು ಬಂತು. ನಿವೃತ್ತಿಯಂದು ಹೋದದ್ದು ನೌಕರಿ ಅಷ್ಟೆ.

ತಿಂಗಳ ಕೊನೆಯ ಪ್ರಶ್ನೆಯ ಹೊತ್ತಿಗೆ ಶಾಂತಾ ಮತ್ತೆ ಮುಂದಕ್ಕೆ ಬಂದಿದ್ದಳು. ಇನ್ನೊಂದು ಸರಿ ಉತ್ತರ ಸಿಕ್ಕರೆ ಸನ್ಮಾನ ಅವಳದೇ. ಒಂದು ರೂಪಾಯಿ ನೋಟಿನ ಮೇಲೆ ಯಾರ ಸಹಿ ಇರುತ್ತದೆ? ಎಲ್ಲರೂ ರಿಸರ್ವ್ ಬ್ಯಾಂಕ್ ಗವರ್ನರರದು ಎಂದು ಬರೆದಿದ್ದರು, ಗಂಗಕ್ಕ ಯಾರಿಗೂ ಹೂಂ ಎಂದಿರಲಿಲ್ಲ. ಹಲ್ಲುಜ್ಜುತ್ತಿದ್ದ ನನಗೆ ಮೈ ಜುಮ್ಮೆಂದಿತು. ಸಹಿ ಇರುವುದು ನೋಟಿನ ಮುಂದೆ! ಮುಂದಿನದು ನನ್ನ ಸೀಮೆ!

“ಹಣಕಾಸು ಕಾರ್ಯದರ್ಶಿ!” ಎಂದು ನೊರೆಯ ಸಮೇತ ಕೂಗಿದೆ.

“ನೀವು ಸುಮ್ನ ಹಲ್ಲ ತಿಕ್ಕೋರಿ” ಎಂದಳು. ನಾನು ಬಿಡಲಿಲ್ಲ. ಮದುವೆಗೆ ಆಹೇರಿ ಕೊಡಲು ನೂರರ ಜೊತೆಗಿಡುವುದಕ್ಕೆಂದು ಅವಳು ಕಪಾಟಿನಲ್ಲಿ ಇಟ್ಟಿದ್ದ ಒಂದರ ನೋಟನ್ನು ತಂದು ಮುಂದೆ ಹಿಡಿದೆ. ಅವಳು ಕನ್ನಡಕ ಏರಿಸಿ ಓದಿದಳು, ಹಿಂದೆ ತಿರುಗಿಸಿ ನೋಡಿದಳು, ನನ್ನನ್ನೂ ಒಮ್ಮೆ ನೋಡಿದಳು. ಬರೆದಳು. ಗೆದ್ದಳು.

ಸಂಜೆ ಗಂಗಕ್ಕ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಮನೆಗೇ ಬಂದರು. “ಅಣ್ಣಾರ, ನನ್ನ ಕಡೆ ಪ್ರಶ್ನೆ ಮುಗದ್ವು. ಬರೂ ತಿಂಗಳಿಂದ ನೀವು ತಗೀರಿ. ನಿಮ್ಮಂತಾ ತಿಳದವ್ರು ಇನ್ನ್ಯಾರ್ ಅದಾರ?” ಎಂದರು. ಶಾಂತಾಳ ಮುಖ ನೋಡುವ ಮೊದಲೇ ನಾನು ಆಗಲಿ ಎಂದುಬಿಟ್ಟೆ. ಆಮೇಲೆ ತಿಳಿಯಿತು, ಪ್ರಶ್ನೆ ತೆಗೆಯುವವರ ಮನೆಯವರು ಉತ್ತರ ಬರೆಯುವಂತಿಲ್ಲವಂತೆ. ಗಂಗಕ್ಕನ ಸೊಸೆಯಂದಿರು ಇಡೀ ತಿಂಗಳು ಸುಮ್ಮನಿದ್ದದ್ದು ಅದಕ್ಕೇ. ಗೆದ್ದ ದಿನವೇ ಶಾಂತಾ ಆಟದಿಂದ ಹೊರಗೆ. ಹೋಳಿಗೆ ಅವಳು ಮುಟ್ಟಲಿಲ್ಲ. ನಾನೂ ಅವಳೆದುರಿಗೆ ಮುಟ್ಟಲಿಲ್ಲ.

ಆದರೂ ಒಳಗೊಳಗೆ ಹಿಗ್ಗು. ಇಡೀ ಬಡಾವಣೆಗೆ ನಾನೀಗ ನೋಟಿನ ಗುರು. ಹಳೆಯ ಪೆಟ್ಟು ಮರೆತಿರಲಿಲ್ಲವಾದ್ದರಿಂದ ಹೊಸ ನೋಟುಗಳನ್ನು ಕೂಡಿಹಾಕಿ, ಬೋರಲು ಮಲಗಿಸಿ, ಹಿಂಬದಿಯನ್ನು ಇಂಚಿಂಚಾಗಿ ಓದಿದೆ. ಭಾಷೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿದೆ. ಮೊದಲ ಪ್ರಶ್ನೆ ಕಳಿಸುವ ಮುನ್ನ ಅಡುಗೆಮನೆಗೆ ಕೇಳಿಸಲೆಂದು ದೊಡ್ಡ ದನಿಯಲ್ಲಿ ಓದಿದೆ. “ನಮ್ಮ ನೋಟಿನ ಮೇಲೆ ಒಟ್ಟು ಹದಿನೈದು ಭಾಷೆಗಳಿವೆ. ಅವುಗಳಲ್ಲಿ ಕನ್ನಡ ಎಷ್ಟನೆಯದು?”

ಲಟ್ಟಣಿಗೆಯ ಸದ್ದು ನಿಂತಿತು. “ಪ್ರಶ್ನೆ ತಪ್ಪೈತ್ರಿ.”

“ಹೆಂಗ್ ತಪ್ಪು? ಎಣಿಸೇನಿ ನಾನು!”

“ಪಟ್ಟಿಯೊಳಗ ಹದಿನೈದು ಖರೇ. ಮುಂದ ತಿರಗಿಸ್ರಿ. ಹಿಂದಿ, ಇಂಗ್ಲೀಷ್ ಯಾರ್ ಎಣಸಬೇಕು? ಒಟ್ಟು ಹದಿನೇಳು.”

ತಿರುಗಿಸಿದೆ. ನೌಕರಿಯುದ್ದಕ್ಕೂ ನಾನು ಕಣ್ಣು ತೆಗೆಯದ ಆ ಮುಂಭಾಗದಲ್ಲಿ ಹಿಂದಿಯೂ ಇಂಗ್ಲೀಷೂ ದಪ್ಪ ಅಕ್ಷರದಲ್ಲಿ ಕೂತಿದ್ದವು. ಈಗ ದಿನಾ ಬೆಳಿಗ್ಗೆ ಏಳಕ್ಕೆ ಬಡಾವಣೆಯ ಹೆಂಗಸರೆಲ್ಲ ನನ್ನ ಪ್ರಶ್ನೆಗೆ ಕಾಯುತ್ತಾರೆ. ನಾನು ಅದಕ್ಕಿಂತ ಅರ್ಧ ತಾಸು ಮೊದಲು ಅಡುಗೆಮನೆಯ ಬಾಗಿಲಲ್ಲಿ ಚೀಟಿ ಹಿಡಿದು ನಿಂತಿರುತ್ತೇನೆ. ಶಾಂತಾ ಅದನ್ನು ಬೆಳಕಿಗೆ ಎತ್ತಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಡೀತೈತಿ” ಎಂದ ಮೇಲೆಯೇ ಕಳಿಸುತ್ತೇನೆ.