ಹುಳು ಮನೆಯಲ್ಲಿ ಮೂವತ್ತು ಕೋಳಿಮರಿ

ನಮ್ಮ ಮನೆಯಲ್ಲಿ ಯಾರೂ ಹಿಂದೆಂದೂ ಮಾಡದ ಕೆಲಸವೊಂದನ್ನು ಶುರು ಮಾಡಿ ನೋಡಿ, ಅದು ಎಲ್ಲರಿಗೂ ಮೊದಲಿನಿಂದಲೇ ಗೊತ್ತಿರುತ್ತದೆ. ಹೋದ ಚಳಿಗಾಲದಲ್ಲಿ ನಾನು ಒಂದು ದಿನದ ಮೂವತ್ತು ನಾಟಿ ಕೋಳಿಮರಿ ತಂದಾಗಲೂ ಹಾಗೇ ಆಯಿತು.

ಕುದೂರಿನ ಹತ್ತಿರ ನಮ್ಮೂರು. ಮನೆಯ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಕೋಣೆ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ನನಗೆ ಅದು ಕೋಳಿ ಸಾಕಲು ಬೇಕು. ನಮ್ಮ ಯಜಮಾನರಿಗೆ ಮೂವರು ಗೆಳೆಯರ ಜೊತೆ ಇಸ್ಪೀಟು ಆಡಲು ಬೇಕು. ಊರು ಉದ್ಧಾರವಾಗುವ ಕೆಲಸ ನೋಡಿ, ಬೇಡ ಎನ್ನಲು ನನಗೂ ಸಂಕೋಚ. ಕೊನೆಗೆ ಅವರೇ ಷರತ್ತು ಹಾಕಿದರು: ಇಪ್ಪತ್ತೊಂದನೇ ದಿನ ಇಪ್ಪತ್ತೈದು ಮರಿ ಬದುಕಿದ್ದರೆ ಕೋಣೆ ನನ್ನದು. ಒಂದು ಕಡಿಮೆಯಾದರೂ ಇಸ್ಪೀಟಿಗೆ.

೧. ಒದ್ದೆ ಸ್ಪಂಜು

ರಟ್ಟನ್ನು ದುಂಡಗೆ ಸುತ್ತಿ ನಿಲ್ಲಿಸಿ, ಒಳಗೆ ಭತ್ತದ ಹೊಟ್ಟು ಹಾಸಿ, ಮೇಲಿಂದ ನೂರು ವ್ಯಾಟಿನ ಎರಡು ಹಳೇ ಬಲ್ಬು ಇಳಿಬಿಟ್ಟೆ. ತಾಯಿಯಿಲ್ಲದ ಮರಿಗೆ ಕಾವು ಕೊಡುವ ಈ ಏರ್ಪಾಡಿಗೆ ಬ್ರೂಡರ್ ಎಂದು ಹೆಸರು. ಇದರಲ್ಲಿ ಇರುವುದು ಒಂದೇ ನಿಯಮ: ಮರಿ ಬೆಚ್ಚಗಿರಬೇಕು, ಒಣಗಿರಬೇಕು.

ನಮ್ಮ ಅತ್ತೆ ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಎಳೇ ಹುಳಕ್ಕೆ ತೇವ ಬೇಕು, ತಟ್ಟೆಯ ಸುತ್ತ ಒದ್ದೆ ಸ್ಪಂಜು ಇಡುತ್ತಾರೆ. ನಾನು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅತ್ತೆ ಹಳೇ ಸ್ಪಂಜೆಲ್ಲ ಹುಡುಕಿ, ನೀರಲ್ಲಿ ಅದ್ದಿ, ಮರಿಗಳ ಸುತ್ತ ಅಚ್ಚುಕಟ್ಟಾಗಿ ಜೋಡಿಸಿದ್ದರು. ಮರಿಗಳು ಅದರ ಮೇಲೆ ಹತ್ತಿ ನೆಂದು ನಡುಗುತ್ತಿದ್ದವು. ಎರಡು ಹೋಗೇಬಿಟ್ಟಿದ್ದವು. ಅತ್ತೆಯೇ ಅವನ್ನು ನುಗ್ಗೆ ಮರದ ಬುಡದಲ್ಲಿ ಹೂತು, "ನನ್ ಮಗನ್ಗೆ ಹೇಳ್ಬ್ಯಾಡ ಕಣಮ್ಮಿ" ಎಂದರು.

"ಒದ್ದೆ ಆದ್ರೆ ಶೀತ ಆಗಲ್ವಾ ಅತ್ತೆ?" ಎಂದು ಕೇಳಿದೆ.

"ನಲವತ್ತು ವರ್ಸದಲ್ಲಿ ಒಂದ್ ಹುಳಾನೂ ಸೀನಿದ್ದು ನಾ ಕಾಣೆ" ಎಂದರು ಅತ್ತೆ.

೨. ಮೊದಲನೇ ಜ್ವರ

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರದಲ್ಲಿ ಸೊಪ್ಪು ಹಾಕುವ ಹಾಗಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಮರಿಗಳು ಹೊಟ್ಟೆ ತುಂಬ ತಿಂದು, ಬಲ್ಬಿನ ಕೆಳಗೆ ಹಾಯಾಗಿ ನಿದ್ದೆ ಹೊಡೆಯುತ್ತಿದ್ದವು. ನಾನು ಹೋಗಿ ನೋಡಿದರೆ ಮೇವಿನ ತಟ್ಟೆಯೇ ಇಲ್ಲ. ಅತ್ತೆ ಎತ್ತಿ ಅಟ್ಟದ ಮೇಲಿಟ್ಟಿದ್ದರು.

"ಎಲ್ಲಾವೂ ಒಟ್ಗೆ ಜ್ವರಕ್ಕೆ ಕೂತವೆ. ನಾಳೆ ಎದ್ಮೇಲೆ ಹಾಕು."

ಅಷ್ಟರಲ್ಲಿ ಮರಿಗಳು ಎದ್ದು ಮನೆ ಹಾರಿಹೋಗುವಂತೆ ಕಿರುಚತೊಡಗಿದವು. ತಟ್ಟೆ ಇಳಿಸಿ ಕೊಟ್ಟೆ. ಒಂದರ ಮೇಲೊಂದು ಬಿದ್ದು ತಿಂದವು. ಅತ್ತೆ ಸ್ವಲ್ಪ ಹೊತ್ತು ನೋಡಿದರು. ಸೋಲೊಪ್ಪುವುದು ಆ ಜೀವಕ್ಕೆ ಗೊತ್ತಿಲ್ಲ.

"ಒಳ್ಳೇ ತಳಿ ಕಣಮ್ಮಿ. ಒಂದೇ ಗಂಟೇಲಿ ಜ್ವರ ಬುಟ್ಬುಡ್ತು."

೩. ಕಿಟಕಿಯ ಆಸ್ಪತ್ರೆ

ಏಳನೇ ದಿನ ಮರಿಗಳ ಕಣ್ಣಿಗೆ ಲಸಿಕೆಯ ಹನಿ ಬಿಡಬೇಕು. ದನದ ಡಾಕ್ಟರು ಬಂದರು. ಪಾಪ, ಅವತ್ತು ಯಾವುದೋ ಮದುವೆ ಊಟ ಮುಗಿಸಿ ಬಂದಿದ್ದರು, ಮೈಗೆಲ್ಲ ಸೆಂಟು. ಹುಳು ಮನೆಗೆ ಯಾವ ವಾಸನೆಯೂ ಸೋಕಬಾರದು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

ಡಾಕ್ಟರು ಕೈಕಾಲು ತೊಳೆದರು. ಬ್ಲೀಚಿಂಗ್ ಪೌಡರ್ ತುಳಿದರು. ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟರು. ಆದರೂ ಒಳಗೆ ಪ್ರವೇಶ ಸಿಗಲಿಲ್ಲ. ಕೊನೆಗೆ ಅವರು ಹೊರಗೆ ಕಿಟಕಿಯ ಹತ್ತಿರ ನಿಂತರು, ಅತ್ತೆ ಒಳಗಿಂದ ಒಂದೊಂದೇ ಮರಿಯನ್ನು ಸರಳಿನ ಸಂದಿಯಲ್ಲಿ ಕೊಟ್ಟು ವಾಪಸ್ಸು ಪಡೆದರು. ಬಸ್ ಸ್ಟ್ಯಾಂಡಿನಲ್ಲಿ ಪಾಸು ಕೊಡುವಂತಿತ್ತು.

"ಅಜ್ಜಿ, ಇವು ಹುಳ ಅಲ್ಲ, ಕೋಳಿ" ಎಂದರು ಡಾಕ್ಟರು.

"ಗೊತ್ತು ಕಣಪ್ಪ. ಹುಳಕ್ಕೇ ವಾಸ್ನೆ ಆಗಕ್ಕಿಲ್ಲ. ಆ ಹುಳಾನ ತಿನ್ನೋವು ಇನ್ನೆಷ್ಟು ನಾಜೂಕು ಇರ್ಬ್ಯಾಡ?"

೪. ಮದುವೆ ಮನೆಯ ಬೆಳಕು

ಯಜಮಾನರಿಗೆ ಮರಿಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂದದ್ದು ಹನ್ನೊಂದನೇ ದಿನ. ನಾನು ಮಾಗಡಿಗೆ ಹೋಗಿದ್ದೆ. ಆ ಹಳೇ ಬಲ್ಬು ಕರೆಂಟು ಕುಡಿಯುತ್ತವೆಂದು ಅವರು ಎರಡನ್ನೂ ಬಿಚ್ಚಿ, ಎರಡು ಎಲ್‌ಇಡಿ ಹಾಕಿ, ಸೋಲೂರಿಗೆ ಹೊರಟುಹೋದರು. ಎಲ್‌ಇಡಿ ಬಲ್ಬಿಗೆ ಬೆಳಕಿದೆ, ಕಾವಿಲ್ಲ. ನಾನು ಬಂದು ನೋಡುವಾಗ ಕೋಣೆ ಮದುವೆ ಮನೆಯಂತೆ ಝಗಝಗಿಸುತ್ತಿತ್ತು. ಮರಿಗಳು ಒಂದರಡಿ ಒಂದು ತೂರಿ ಗುಡ್ಡೆಯಾಗಿದ್ದವು. ಅಡಿಯಲ್ಲಿದ್ದ ನಾಲ್ಕು ಸತ್ತಿದ್ದವು. ನಿಜ ಹೇಳುತ್ತೇನೆ, ಅವತ್ತು ನಾನು ಅತ್ತುಬಿಟ್ಟೆ.

ಆ ನಾಲ್ಕನ್ನೂ ಅತ್ತೆಯೇ ನುಗ್ಗೆ ಮರದ ಬುಡಕ್ಕೆ ಒಯ್ದರು. ಉಳಿದದ್ದು ಇಪ್ಪತ್ತನಾಲ್ಕು. ಈ ಲೆಕ್ಕ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಗಂಡ ಬೇಕೆಂದೇ ಹೀಗೆ ಮಾಡಿದರು ಎನ್ನಲಾರೆ. ಅಷ್ಟು ದೂರ ಯೋಚಿಸುವ ಮನುಷ್ಯರಲ್ಲ. ಸಂಜೆ ಬಂದವರು ಮತ್ತೆ ಹಳೇ ಬಲ್ಬು ಉರಿಯುವುದನ್ನು ನೋಡಿ ಬೇಜಾರು ಮಾಡಿಕೊಂಡರು.

"ಯಾಕೆ ಬಿಚ್ದೆ? ಒಳ್ಳೇ ಬೆಳಕಿತ್ತಲ್ಲ, ಒಂದೊಂದ್ ಮರೀನೂ ಸ್ಪಷ್ಟವಾಗಿ ಕಾಣ್ತಿತ್ತು."

೫. ಎಣಿಕೆ

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಯಜಮಾನರು ಮರಿ ಎಣಿಸಲು ನಿಷ್ಪಕ್ಷಪಾತಿಗಳನ್ನೇ ಕರೆತಂದರು. ಯಾರೆಂದರೆ ಅದೇ ಮೂವರು ಇಸ್ಪೀಟಿನ ಗೆಳೆಯರು. ಒಬ್ಬನ ಕಿವಿಯ ಮೇಲೆ ಬೀಡಿ ಬೇರೆ. ಅತ್ತೆ ಆ ಬೀಡಿಯನ್ನೇ ನೋಡುತ್ತಿದ್ದರು. ಇನ್ನೇನು, ಕೋಣೆ ಹೋಯಿತು ಎಂದುಕೊಂಡೆ.

ನಾಲ್ವರೂ ಒಳಗೆ ಹೋದರು. ಮರಿ ಹೊರಗೆ ಓಡಬಾರದಲ್ಲ, ಅತ್ತೆ ಬಾಗಿಲು ಎಳೆದು ಹೊರಗಿಂದ ಚಿಲಕ ಹಾಕಿದರು. ಗಾಳಿ ಆಡಬಾರದೆಂದು ಕಿಟಕಿಗೆ ಗೋಣಿತಾಟು ಕಟ್ಟಿದರು. ಬಲ್ಬು ಎರಡೂ ಉರಿಯುತ್ತಿದ್ದವು. ಸಾಲದ್ದಕ್ಕೆ, ಚಳಿಗಾಲದಲ್ಲಿ ಹುಳಕ್ಕೆಂದು ಇಟ್ಟಿದ್ದ ದೊಡ್ಡ ಹೀಟರೂ ಅಲ್ಲೇ ಇತ್ತು. ಅದರ ಸ್ವಿಚ್ಚು ಹೊರಗೋಡೆಯಲ್ಲಿ. ಅತ್ತೆ ಅದನ್ನೂ ಒತ್ತಿದರು.

ಮೂರು ವಾರದ ಮರಿ ನಿಂತಲ್ಲಿ ನಿಲ್ಲುವುದಿಲ್ಲ. ಒಬ್ಬ ಇಪ್ಪತ್ತೆರಡು ಎಂದ, ಇನ್ನೊಬ್ಬ ಇಪ್ಪತ್ತೇಳು ಎಂದ. "ಲೇ, ಅದನ್ನ ಆಗ್ಲೇ ಎಣಿಸ್ದೆ ಕಣ್ಲಾ" ಎಂದು ಜಗಳ ಶುರುವಾಯಿತು. ಅರ್ಧ ಗಂಟೆ ಕಳೆದ ಮೇಲೆ ಜಗಳ ನಿಂತಿತು. ಬಾಗಿಲು ಬಡಿಯುವ ಸದ್ದು ಮಾತ್ರ.

"ಅವ್ವೋ, ಬಾಗ್ಲು ತೆಗಿ, ಬೆಂದೋಯ್ತಿವಿ. ಮೂವತ್ತೂ ಅವೆ" ಎಂದು ಯಜಮಾನರು ಒಳಗಿಂದ ಕೂಗಿದರು.

ಅತ್ತೆ ಅಲ್ಲಾಡಲಿಲ್ಲ. "ಸುಳ್ಳ್ ಹೇಳ್ಬ್ಯಾಡ ಕಣ್ಲಾ. ಆರು ಸತ್ತವೆ, ನಾನೇ ಹೂತಿವ್ನಿ. ಸರಿಯಾಗಿ ಎಣಿಸು."

ಇಷ್ಟು ದಿನ ಮುಚ್ಚಿಟ್ಟದ್ದನ್ನು ಈ ಮುದುಕಿಯೇ ಬಾಯಿಬಿಟ್ಟಿತಲ್ಲ.

"ಹಂಗಾರೆ... ಇಪ್ಪತ್ನಾಕು" ಎಂದರು ಯಜಮಾನರು.

"ಇನ್ನೊಂದ್ ಸಲ ಎಣಿಸು" ಎಂದು ಅತ್ತೆ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದರು.

ಅವರು ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟುಕೊಂಡ ಮೇಲೆ ಒಳಗಿಂದ ನಾಲ್ಕು ದನಿಯೂ ಒಟ್ಟಿಗೆ ಬಂದವು: "ಇಪ್ಪತ್ತೈದು."

"ಈಗ ಸರಿಹೋಯ್ತು" ಎಂದು ಅತ್ತೆ ಚಿಲಕ ತೆಗೆದರು.

ಮೂವತ್ತರಲ್ಲಿ ಆರು ಕಳೆದರೆ ಇಪ್ಪತ್ತೈದು ಎಂಬ ಲೆಕ್ಕ ನಮ್ಮ ಮನೆಯಲ್ಲಿ ಅಂದಿನಿಂದ ಜಾರಿಯಲ್ಲಿದೆ.